ಅಥ್ಲೆಟಿಕ್ ಬಿಲ್ಬಾವೊ ಹೊರಗಿನವರನ್ನು ಯಾಕೆ ಆಡಿಸುವುದಿಲ್ಲ?

ಪ್ರಶ್ನೆ: ಸ್ಪೇನಿನ ಫುಟ್‌ಬಾಲ್ ಕ್ಲಬ್ ಅಥ್ಲೆಟಿಕ್ ಬಿಲ್ಬಾವೊ ಬಾಸ್ಕ್ ಆಟಗಾರರನ್ನು, ಅಂದರೆ ಸ್ಪೇನಿನ ಉತ್ತರಕ್ಕಿರುವ ಬಾಸ್ಕ್ ನಾಡಿನವರನ್ನು, ಮಾತ್ರ ಆಡಿಸುತ್ತದೆ ಅಂತ ಓದಿದೆ. ಆದರೆ ಕ್ಲಬ್ಬಿನ ಹೆಸರೇ ಇಂಗ್ಲಿಷಿನದು. ಕ್ಯಾಪ್ಟನ್ ಇನ್ಯಾಕಿ ವಿಲಿಯಮ್ಸ್ ಅವರ ಅಪ್ಪ ಅಮ್ಮ ಘಾನಾದವರು. ಇದೆಲ್ಲ ಹೇಗೆ ಹೊಂದುತ್ತದೆ? ಹುಟ್ಟು, ರಕ್ತ ನೋಡಿ ಆಟಗಾರರನ್ನು ಆರಿಸಿದ ಹಾಗೆ ಆಗಲ್ವಾ ಇದು? ಇಷ್ಟೊಂದು ಕಟ್ಟುಪಾಡು ಇಟ್ಟುಕೊಂಡೂ ಒಮ್ಮೆಯೂ ಎರಡನೇ ದರ್ಜೆಗೆ ಇಳಿದಿಲ್ಲವಂತೆ, ಅದು ಹೇಗೆ ಸಾಧ್ಯ? ನಾನು ಇವರ ಆಟ ನೋಡಲು ಶುರು ಮಾಡಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಪ್ರಶ್ನೆಗಳಿವೆ. ಎರಡನೆಯದು, ಅಂದರೆ ರಕ್ತದ ಪ್ರಶ್ನೆ, ಎಲ್ಲಕ್ಕಿಂತ ಕಷ್ಟದ್ದು. ಅದಕ್ಕೆ ಬರುವ ಮೊದಲು ಈ ಕ್ಲಬ್ ಹುಟ್ಟಿದ್ದು ಹೇಗೆ ಅಂತ ಹೇಳಬೇಕು. ಈಗಿನ ಕಟ್ಟುಪಾಡನ್ನು ಮಾತ್ರ ನೋಡಿದರೆ, ಯಾರೋ ಒಂದು ದಿನ ಕುಳಿತು "ನಮ್ಮವರು ಮಾತ್ರ" ಅಂತ ಬರೆದಿಟ್ಟ ಹಾಗೆ ಕಾಣುತ್ತದೆ. ನಡೆದದ್ದು ಬೇರೆಯೇ.

ಬಿಲ್ಬಾವೊ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಕಬ್ಬಿಣದ ಊರು. ಸುತ್ತಲಿನ ಗುಡ್ಡಗಳಲ್ಲಿ ಅದಿರು, ನಡುವೆ ನೆರ್ವಿಯೊನ್ ನದಿ, ನದಿಯ ಬಾಯಲ್ಲಿ ಬ್ರಿಟಿಷ್ ಹಡಗುಗಳು. ಅದಿರು ಇಂಗ್ಲೆಂಡಿಗೆ ಹೋಗುತ್ತಿತ್ತು. ಬರುವಾಗ ಹಡಗಿನಲ್ಲಿ ಕಲ್ಲಿದ್ದಲು, ಎಂಜಿನಿಯರುಗಳು, ಕೆಲಸಗಾರರು, ಜೊತೆಗೆ ಫುಟ್‌ಬಾಲ್. ಇನ್ನೊಂದು ಕಡೆ, ಊರಿನ ಅನುಕೂಲಸ್ಥರ ಮಕ್ಕಳು ಓದಲಿಕ್ಕೆ ಇಂಗ್ಲೆಂಡಿಗೆ ಹೋಗಿ ಅದೇ ಆಟದ ಹುಚ್ಚು ಹಿಡಿಸಿಕೊಂಡು ವಾಪಸ್ ಬರುತ್ತಿದ್ದರು. ಈ ಎರಡು ಗುಂಪು ಸೇರಿದ್ದರಿಂದ ಕ್ಲಬ್ ಹುಟ್ಟಿತು. ಕ್ಲಬ್ಬಿನವರು ತಮ್ಮ ಹುಟ್ಟಿದ ವರ್ಷ ಅಂತ ಹೇಳಿಕೊಳ್ಳುವುದು 1898. ಕಾಗದಪತ್ರ, ನಿಯಮಾವಳಿ ಎಲ್ಲ ಸರಿಯಾಗಿ ಆದದ್ದು 1901ರಲ್ಲಿ. ಆ ಕಾಲದಲ್ಲಿ ಫುಟ್‌ಬಾಲ್ ಅಂದರೆ ಇಂಗ್ಲಿಷ್ ಆಟ, ಆದ್ದರಿಂದ ಹೆಸರೂ ಇಂಗ್ಲಿಷಿನದೇ: ಅಥ್ಲೆಟಿಕ್ ಕ್ಲಬ್. ಕ್ಲಬ್ಬಿನ ಅಧಿಕೃತ ಹೆಸರಿನಲ್ಲಿ ಇವತ್ತಿಗೂ ಇಷ್ಟೇ ಇದೆ, "ಬಿಲ್ಬಾವೊ" ನಾವು ಹೊರಗಿನವರು ಸೇರಿಸುವುದು.

ಜರ್ಸಿಯ ಕಥೆ ಕೇಳಿ. ಮೊದಲು ಇವರು ತೊಡುತ್ತಿದ್ದದ್ದು ಅರ್ಧ ನೀಲಿ, ಅರ್ಧ ಬಿಳಿ, ಥೇಟ್ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ತಂಡದ ಹಾಗೆ. 1909ರ ಕೊನೆಗೆ ಹುವಾನ್ ಎಲೋರ್ದುಯ್ ಅನ್ನುವ ಹುಡುಗ ಇಂಗ್ಲೆಂಡಿಗೆ ಹೋಗಿದ್ದ. ಬರುವಾಗ ಒಂದಷ್ಟು ಹೊಸ ಜರ್ಸಿ ತಗೊಂಡು ಬಾ ಅಂತ ಕ್ಲಬ್ಬಿನವರು ಹೇಳಿ ಕಳಿಸಿದ್ದರು. ನೀಲಿ-ಬಿಳಿಯದು ಬೇಕಾದಷ್ಟು ಸಿಗಲಿಲ್ಲ. ಹಡಗು ಹತ್ತಬೇಕಾದ ಬಂದರು ಸೌತಾಂಪ್ಟನ್. ಆ ಊರಿನ ತಂಡದ ಬಣ್ಣ ಕೆಂಪು-ಬಿಳಿ ಪಟ್ಟೆ, ಬಿಲ್ಬಾವೊ ನಗರದ ಬಾವುಟದ ಬಣ್ಣವೂ ಕೆಂಪು-ಬಿಳಿಯೇ. ಬರಿಗೈಲಿ ಹೋಗೋದು ಹೇಗೆ ಅಂತ ಅದನ್ನೇ ಕಟ್ಟಿಸಿಕೊಂಡು ಹಡಗು ಹತ್ತಿದ. 1910ರಿಂದ ಅದೇ ಅಥ್ಲೆಟಿಕ್‌ನ ಬಣ್ಣ, ಕೆಳಗೆ ಕಪ್ಪು ಚಡ್ಡಿ. ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದ ಬಾಸ್ಕ್ ಹುಡುಗರು 1903ರಲ್ಲೇ ಅಲ್ಲೊಂದು ಶಾಖೆ ತೆರೆದಿದ್ದರು. ಅವರಿಗೂ ಇದೇ ಜರ್ಸಿ ಹೋಯಿತು, ಚಡ್ಡಿ ಮಾತ್ರ ಹಳೇ ನೀಲಿಯದೇ ಉಳಿಯಿತು. ಆ ಶಾಖೆಯೇ ಈಗಿನ ಅತ್ಲೆತಿಕೊ ಮ್ಯಾಡ್ರಿಡ್. ಇವತ್ತು ಆ ಎರಡು ತಂಡ ಎದುರಾದರೆ ಒಬ್ಬರು ಬೇರೆ ಬಣ್ಣ ಹಾಕಿಕೊಳ್ಳಬೇಕಾಗುವುದು ಇದೇ ಕಾರಣಕ್ಕೆ.

ಹೆಸರು, ಬಣ್ಣ, ಆಟ ಎಲ್ಲ ಹೊರಗಿನಿಂದ ಬಂದ ಕ್ಲಬ್ ಇದು. ಶುರುವಿನ ತಂಡಗಳಲ್ಲಿ ಇಂಗ್ಲಿಷರು ಆಡಿದ್ದಾರೆ, ಯಾರಿಗೂ ಅದು ತಪ್ಪು ಅನಿಸಿರಲಿಲ್ಲ.

ಹಾಗಾದರೆ ಕಟ್ಟುಪಾಡು ಎಲ್ಲಿಂದ ಬಂತು? ಒಂದು ಜಗಳದಿಂದ. 1911ರ ಸ್ಪ್ಯಾನಿಷ್ ಕಪ್‌ನಲ್ಲಿ ಅಥ್ಲೆಟಿಕ್ ಇಂಗ್ಲಿಷ್ ಆಟಗಾರರನ್ನು ಇಳಿಸಿತು, ಇವರಿಗೆ ಆಡುವ ಅರ್ಹತೆ ಇಲ್ಲ ಅಂತ ಎದುರಾಳಿಗಳು ಎದ್ದು ನಿಂತರು. ಸಾನ್ ಸೆಬಾಸ್ತಿಯಾನ್‌ನ ತಂಡದವರದ್ದು, ಅಂದರೆ ಪಕ್ಕದ ಬಾಸ್ಕ್ ಊರಿನವರದ್ದೇ, ದೊಡ್ಡ ತಕರಾರು. ಅಥ್ಲೆಟಿಕ್ ಕಪ್ ಗೆದ್ದಿತು, ಆದರೆ ಗಲಾಟೆಯ ಕಹಿ ಉಳಿಯಿತು. ಅದಾದ ಮೇಲೆ, 1912ರಿಂದ ಈಚೆಗೆ, ಕ್ಲಬ್ ಊರ ಹುಡುಗರನ್ನೇ ನೆಚ್ಚಿಕೊಂಡಿತು. ಆಗ ಅದನ್ನು ಯಾರೂ ದೊಡ್ಡ ತತ್ವ ಅಂತ ಸಾರಲಿಲ್ಲ. ಅದರ ಹಿಂದೆಯೇ ಗೆಲುವುಗಳು ಬಂದವು. 1914, 1915, 1916, ಮೂರು ವರ್ಷ ಸಾಲಾಗಿ ಕಪ್. ಊರ ಹುಡುಗರೇ ಸಾಕು ಅನ್ನುವ ನಂಬಿಕೆ ಹುಟ್ಟಿದ್ದು ಆಗ. ರೂಢಿ ನಿಧಾನವಾಗಿ ತತ್ವವಾಯಿತು.

ಆ ಮೂರು ಕಪ್‌ಗಳ ಹೀರೋ ಪಿಚಿಚಿ. ನಿಜವಾದ ಹೆಸರು ರಫಾಯೆಲ್ ಮೊರೆನೊ ಅರಾನ್ಸಾದಿ. ಕುಳ್ಳಗೆ, ತಲೆಗೊಂದು ಬಿಳಿ ಬಟ್ಟೆ ಕಟ್ಟಿಕೊಂಡು ಆಡುತ್ತಿದ್ದ. 1913ರ ಆಗಸ್ಟ್ 21ರಂದು ಸಾನ್ ಮಾಮೆಸ್ ಸ್ಟೇಡಿಯಂ ತೆರೆದಾಗ ಅಲ್ಲಿ ಮೊದಲ ಗೋಲು ಹೊಡೆದವನು ಅವನೇ, ಎದುರಿಗೆ ರೇಸಿಂಗ್ ದೆ ಇರುನ್. 1922ರಲ್ಲಿ, ಇನ್ನೂ 29ರ ವಯಸ್ಸಿನಲ್ಲಿ, ಟೈಫಸ್ ಜ್ವರದಿಂದ ತೀರಿಕೊಂಡ. ಸ್ಪ್ಯಾನಿಷ್ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಪಿಚಿಚಿ ಪ್ರಶಸ್ತಿಯ ಹೆಸರು ನೀವು ಕೇಳಿರುತ್ತೀರಿ, ಮೆಸ್ಸಿ, ರೊನಾಲ್ಡೊ ಎಲ್ಲ ಪಡೆದದ್ದು, ಅದು ಈ ಮನುಷ್ಯನ ಹೆಸರು. ಸಾನ್ ಮಾಮೆಸ್‌ನಲ್ಲಿ ಅವನ ಎದೆಮಟ್ಟದ ಕಂಚಿನ ಪ್ರತಿಮೆ ಇದೆ. ಯಾವುದೇ ತಂಡ ಆ ಸ್ಟೇಡಿಯಂಗೆ ಮೊದಲ ಸಲ ಬಂದರೆ, ಅದರ ಕ್ಯಾಪ್ಟನ್ ಆಟಕ್ಕೆ ಮುಂಚೆ ಆ ಪ್ರತಿಮೆಗೆ ಹೂಗುಚ್ಛ ಇಟ್ಟು ಬರುತ್ತಾನೆ. ಯುರೋಪಿನ ದೊಡ್ಡ ದೊಡ್ಡ ಕ್ಲಬ್ಬುಗಳೂ ಇದನ್ನು ತಪ್ಪಿಸುವುದಿಲ್ಲ. ಫುಟ್‌ಬಾಲ್‌ನಲ್ಲಿ ನನಗೆ ತುಂಬಾ ಇಷ್ಟವಾದ ಪದ್ಧತಿ ಇದು.

ಸ್ಟೇಡಿಯಂ ಹೆಸರು ಒಬ್ಬ ಸಂತನದು. ಸಂತ ಮಾಮೆಸ್‌ನನ್ನು ರೋಮನ್ನರು ಸಿಂಹಗಳ ಮುಂದೆ ಎಸೆದರಂತೆ, ಸಿಂಹಗಳು ಅವನನ್ನು ಮುಟ್ಟಲಿಲ್ಲವಂತೆ. ಹಾಗಾಗಿ ತಂಡದವರಿಗೆ "ಸಿಂಹಗಳು" ಅಂತ ಹೆಸರು. ಸ್ಟೇಡಿಯಂ ಅನ್ನು ಊರಿನವರು "ಕೆಥೆಡ್ರಲ್" ಅನ್ನುತ್ತಾರೆ.

1920, 30ರ ದಶಕ ಇವರ ಸುವರ್ಣಕಾಲ. ಅದನ್ನು ಕಟ್ಟಿಕೊಟ್ಟವರು ಫ್ರೆಡ್ ಪೆಂಟ್‌ಲ್ಯಾಂಡ್ ಅನ್ನುವ ಇಂಗ್ಲಿಷ್ ಕೋಚ್. ಇಲ್ಲೊಂದು ಮಾತು ಗಮನಿಸಿ, ಕಟ್ಟುಪಾಡು ಆಟಗಾರರಿಗೆ ಮಾತ್ರ, ಕೋಚ್‌ಗಳಿಗೆ ಯಾವತ್ತೂ ಇರಲಿಲ್ಲ. ಪೆಂಟ್‌ಲ್ಯಾಂಡ್ ತಲೆಯ ಮೇಲೆ ಯಾವಾಗಲೂ ಗುಂಡು ಟೋಪಿ. ದೊಡ್ಡ ಪಂದ್ಯ ಗೆದ್ದರೆ ಹುಡುಗರು ಆ ಟೋಪಿ ಕಿತ್ತುಕೊಂಡು ತುಳಿದು ಅಪ್ಪಚ್ಚಿ ಮಾಡುತ್ತಿದ್ದರು. ಅವರು ಬರುವ ಮೊದಲು ಚೆಂಡನ್ನು ಎತ್ತಿ ಒದ್ದು ಅದರ ಹಿಂದೆ ಓಡುವುದೇ ಆಟವಾಗಿತ್ತು, ಅವರು ಚಿಕ್ಕ ಚಿಕ್ಕ ಪಾಸ್‌ಗಳ ಆಟ ಕಲಿಸಿದರು. 1929-30ರ ಲೀಗನ್ನು ಅಥ್ಲೆಟಿಕ್ 18 ಪಂದ್ಯಗಳಲ್ಲಿ ಒಂದೂ ಸೋಲದೆ ಗೆದ್ದಿತು. ಮರುವರ್ಷವೂ ಗೆದ್ದಿತು. 1930ರಿಂದ 1933ರವರೆಗೆ ನಾಲ್ಕು ವರ್ಷ ಸಾಲಾಗಿ ಕಪ್. 1931ರಲ್ಲಿ ಬಾರ್ಸಿಲೋನಾವನ್ನು 12-1ರಿಂದ ಹೊಡೆದರು, ಅದರಲ್ಲಿ ಬಾತಾ ಒಬ್ಬನದೇ 7 ಗೋಲು. ಲೀಗ್ ಇತಿಹಾಸದಲ್ಲಿ ಬಾರ್ಸಿಲೋನಾದ ಅತಿ ದೊಡ್ಡ ಸೋಲು ಇವತ್ತಿಗೂ ಅದೇ.

ಆಮೇಲೆ ಯುದ್ಧ ಬಂತು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾಯಿತು. ಬಾಸ್ಕ್ ನಾಡಿನಲ್ಲಿ ಸ್ವಾಯತ್ತ ಸರ್ಕಾರ ಬಂತು, ಅದರ ಮೊದಲ ಅಧ್ಯಕ್ಷ ಹೊಸೆ ಆಂತೊನಿಯೊ ಆಗಿರೆ. ಈತ ಅಥ್ಲೆಟಿಕ್‌ನ ಹಳೇ ಆಟಗಾರ! 1937ರಲ್ಲಿ ಒಂದು ಬಾಸ್ಕ್ ತಂಡ ಕಟ್ಟಿ ಹೊರದೇಶಕ್ಕೆ ಕಳಿಸಿದ. ಯುದ್ಧದಲ್ಲಿ ನೊಂದವರಿಗೆ ಹಣ ಕೂಡಿಸುವುದು, ನಮ್ಮ ನಾಡಿಗೆ ಹೀಗಾಗುತ್ತಿದೆ ಅಂತ ಜಗತ್ತಿಗೆ ತಿಳಿಸುವುದು ಉದ್ದೇಶ. ತಂಡದಲ್ಲಿ ಬ್ಲಾಸ್ಕೊ, ಸಿಲಾವ್ರೆನ್, ಇರಾರಾಗೊರ್ರಿ, ಗೊರೊಸ್ತಿಸಾ, ಸುಬಿಯೆತಾ, ಹೀಗೆ ಅಥ್ಲೆಟಿಕ್‌ನವರು ಸುಮಾರು ಜನ. ಅವರು ಪ್ಯಾರಿಸ್‌ನಲ್ಲಿ ಆಡಲು ಶುರು ಮಾಡಿದ ಅದೇ ದಿನಗಳಲ್ಲಿ, ಏಪ್ರಿಲ್ 26ರಂದು, ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಗೆರ್ನಿಕಾ ಊರಿನ ಮೇಲೆ ಬಾಂಬು ಸುರಿಸಿದವು. ಬಿಲ್ಬಾವೊದಿಂದ ಗೆರ್ನಿಕಾ ದೂರವೇನಿಲ್ಲ. ಜೂನ್‌ನಲ್ಲಿ ಬಿಲ್ಬಾವೊ ಕೂಡ ಬಿತ್ತು. ತಂಡದ ಹೆಚ್ಚಿನವರಿಗೆ ವಾಪಸ್ ಹೋಗಲು ಊರೇ ಇಲ್ಲವಾಯಿತು. ಸೋವಿಯತ್ ಒಕ್ಕೂಟ, ಪೋಲೆಂಡ್ ಅಂತ ಸುತ್ತಿ ಕೊನೆಗೆ ಮೆಕ್ಸಿಕೊ ಸೇರಿದರು, ಅಲ್ಲಿನ ಲೀಗಿನಲ್ಲಿ 1938-39ರಲ್ಲಿ "ಎವುಸ್ಕಾದಿ" (ಬಾಸ್ಕ್ ನಾಡು) ಹೆಸರಿನಲ್ಲಿ ಆಡಿದರು. ಗೊರೊಸ್ತಿಸಾ ಮಾತ್ರ ಬೇಗ ವಾಪಸ್ ಬಂದು, ಸರ್ಕಾರದ ವಿರುದ್ಧ ದಂಗೆ ಎದ್ದಿದ್ದ ಜನರಲ್ ಫ್ರಾಂಕೊ ಕಡೆ ಸೇರಿದ. ಒಂದೇ ತಂಡದೊಳಗೆ ಎರಡೂ ಕಡೆಯವರು ಇದ್ದರು ಅನ್ನುವುದನ್ನು ಮರೆಯಬಾರದು, ಇದನ್ನು ಸುಮ್ನೆ ಒಳ್ಳೆಯವರು-ಕೆಟ್ಟವರ ಕಥೆ ಮಾಡಿ ಹೇಳುವವರು ಜಾಸ್ತಿ.

ಫ್ರಾಂಕೊ ಗೆದ್ದ ಮೇಲೆ ಬಾಸ್ಕ್ ಬಾವುಟಕ್ಕೆ ನಿಷೇಧ, ಬಾಸ್ಕ್ ಭಾಷೆಗೆ ಸಾರ್ವಜನಿಕವಾಗಿ ಜಾಗ ಇಲ್ಲ. ಪರದೇಶಿ ಹೆಸರುಗಳೂ ಕೂಡದು. 1941ರಲ್ಲಿ ಅಥ್ಲೆಟಿಕ್ ಕ್ಲಬ್ ಬಲವಂತವಾಗಿ "ಅತ್ಲೆತಿಕೊ ಬಿಲ್ಬಾವೊ" ಆಯಿತು. 1972ರವರೆಗೂ ಹಾಗೇ ಇತ್ತು. ಹಳೆಯ ಹೆಸರು ವಾಪಸ್ ಬಂದಾಗ ಊರಿನವರಿಗೆ ಅದು ಇಂಗ್ಲಿಷ್ ಹೆಸರು ಅನಿಸಲೇ ಇಲ್ಲ, ತಮ್ಮದೇ ಹೆಸರು ಮರಳಿ ಸಿಕ್ಕಿತು ಅನಿಸಿತು. "ಅತ್ಲೆತಿಕೊ ಬಿಲ್ಬಾವೊ" ಅಂತ ಇವತ್ತು ಅವರ ಮುಂದೆ ಹೇಳಿದರೆ ಯಾಕೆ ಮುಖ ಸಿಂಡರಿಸುತ್ತಾರೆ ಅಂತ ಈಗ ಗೊತ್ತಾಯಿತಲ್ವಾ?

ಆ ಕತ್ತಲೆಯ ವರ್ಷಗಳಲ್ಲೂ ಆಟ ನಿಲ್ಲಲಿಲ್ಲ. ಯುದ್ಧದಲ್ಲಿ ಇಡೀ ತಂಡ ಚದುರಿಹೋಗಿತ್ತು, ಹತ್ತಿರದ ಊರುಗಳಿಂದ ಹೊಸ ಹುಡುಗರನ್ನು ಹುಡುಕಿ ತಂದರು. ಇರಿಯೊಂದೊ, ವೆನಾನ್ಸಿಯೊ, ಸಾರ್ರಾ, ಪಾನಿಸೊ, ಗಾಯ್ನ್ಸಾ. ಈ ಐದು ಹೆಸರನ್ನು ಬಿಲ್ಬಾವೊದ ಹಳಬರು ಒಂದೇ ಉಸಿರಿಗೆ ಹೇಳುತ್ತಾರೆ. ತೆಲ್ಮೊ ಸಾರ್ರಾ ಲೀಗಿನಲ್ಲಿ ಹೊಡೆದ ಗೋಲು 251. ಆ ದಾಖಲೆ ಮುರಿಯಲು 2014ರಲ್ಲಿ ಮೆಸ್ಸಿ ಬರಬೇಕಾಯಿತು. 1958ರ ಕಪ್ ಫೈನಲ್‌ನಲ್ಲಿ ಎದುರಿಗೆ ದಿ ಸ್ತೆಫಾನೊ ಅವರ ರಿಯಲ್ ಮ್ಯಾಡ್ರಿಡ್, ಯುರೋಪಿಗೇ ಚಾಂಪಿಯನ್, ಪಂದ್ಯ ಬೇರೆ ಅವರದೇ ಸ್ಟೇಡಿಯಂನಲ್ಲಿ. ಅಥ್ಲೆಟಿಕ್ 2-0ಯಿಂದ ಗೆದ್ದಿತು. ಆ ತಂಡಕ್ಕೆ "ಹನ್ನೊಂದು ಹಳ್ಳಿಗರು" ಅಂತಲೇ ಹೆಸರು ನಿಂತಿದೆ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಫ್ರಾಂಕೊ ಸತ್ತದ್ದು 1975ರ ನವೆಂಬರ್‌ನಲ್ಲಿ. ಒಂದು ವರ್ಷ ಕಳೆದರೂ ಬಾಸ್ಕ್ ಬಾವುಟದ ಮೇಲಿನ ನಿಷೇಧ ಹೋಗಿರಲಿಲ್ಲ. 1976ರ ಡಿಸೆಂಬರ್ 5, ಸಾನ್ ಸೆಬಾಸ್ತಿಯಾನ್‌ನ ಆತೋಚಾ ಮೈದಾನ, ಆ ಊರಿನ ರಿಯಲ್ ಸೊಸಿಯೆದಾದ್ ಮತ್ತು ಅಥ್ಲೆಟಿಕ್ ನಡುವೆ ಡರ್ಬಿ, ಅಂದರೆ ನೆರೆಯ ತಂಡಗಳ ಪಂದ್ಯ. ಸೊಸಿಯೆದಾದ್ ಆಟಗಾರ ಉರಾಂಗಾ ಮನೆಯಲ್ಲಿ ಹೊಲಿಸಿದ ಬಾವುಟವನ್ನು ಪೊಲೀಸರ ಕಣ್ಣು ತಪ್ಪಿಸಿ ಒಳಗೆ ತಂದಿದ್ದ. ಎರಡೂ ತಂಡ ಸಾಲಾಗಿ ಹೊರಗೆ ಬಂದವು. ಮುಂದೆ ಇಬ್ಬರು ಕ್ಯಾಪ್ಟನ್‌ಗಳು, ಈ ಕಡೆ ಗೋಲ್‌ಕೀಪರ್ ಇರಿಬಾರ್, ಆ ಕಡೆ ಕೊರ್ತಾಬಾರಿಯಾ, ನಡುವೆ ಇಬ್ಬರೂ ಒಂದೊಂದು ತುದಿ ಹಿಡಿದ ಬಾವುಟ. ಕೆಂಪು, ಹಸಿರು, ಬಿಳಿ. ನಲವತ್ತು ವರ್ಷ ಜನ ಬಹಿರಂಗವಾಗಿ ನೋಡದೇ ಇದ್ದ ಬಾವುಟ ಮೈದಾನದ ನಟ್ಟ ನಡುವೆ. ಜೈಲಿಗೆ ಹಾಕಬಹುದಾಗಿತ್ತು, ಯಾರೂ ಮುಟ್ಟಲಿಲ್ಲ. ಮರು ತಿಂಗಳೇ, ಜನವರಿ 1977ರಲ್ಲಿ, ನಿಷೇಧ ತೆಗೆದರು. ಪಂದ್ಯವನ್ನು ಅಥ್ಲೆಟಿಕ್ 5-0ಯಿಂದ ಸೋತಿತು. ಇರಿಬಾರ್ ಈ ಕ್ಲಬ್ಬಿಗೆ ಆಡಿದ ಪಂದ್ಯ 614, ಇವತ್ತಿಗೂ ದಾಖಲೆ. ಆದರೆ ಅವರ ಹೆಸರು ಎತ್ತಿದರೆ ಜನ ಮೊದಲು ಹೇಳುವುದು ಐದು ಗೋಲು ಬಿಟ್ಟ ಆ ದಿನವನ್ನೇ.

ಇನ್ನು ನಿಮ್ಮ ಕಷ್ಟದ ಪ್ರಶ್ನೆ. ರಕ್ತ ನೋಡಿ ಆರಿಸುತ್ತಾರಾ?

ಈಗಿನ ನಿಯಮ ಹೀಗಿದೆ: ಕ್ಲಬ್ಬಿನ ಅಕಾಡೆಮಿಯಲ್ಲೋ ಬಾಸ್ಕ್ ನಾಡಿನ ಬೇರೆ ಕ್ಲಬ್ಬುಗಳಲ್ಲೋ ಆಟ ಕಲಿತು ಬೆಳೆದವರು ಆಡಬಹುದು, ಅಥವಾ ಬಾಸ್ಕ್ ನಾಡಿನ ಏಳು ಪ್ರಾಂತ್ಯಗಳಲ್ಲಿ ಎಲ್ಲಾದರೂ ಹುಟ್ಟಿದವರು ಆಡಬಹುದು. ಸ್ಪೇನ್ ಕಡೆ ಬಿಸ್ಕಾಯಾ, ಗಿಪುಸ್ಕೊವಾ, ಆರಾಬಾ, ನವಾರ್ರಾ, ಫ್ರಾನ್ಸ್ ಕಡೆ ಇನ್ನು ಮೂರು. ಅಪ್ಪ ಯಾರು, ಅಜ್ಜ ಯಾರು, ಮನೆಮಾತು ಯಾವುದು ಅಂತ ನಿಯಮ ಕೇಳುವುದಿಲ್ಲ. ಎರಡರಲ್ಲಿ ಒಂದಿದ್ದರೆ ಸಾಕು, ಹುಟ್ಟು ಅಥವಾ ಕಲಿಕೆ. ರೊಮೇನಿಯಾದಲ್ಲಿ ಹುಟ್ಟಿ ಬಾಸ್ಕ್ ನಾಡಿನಲ್ಲಿ ಬೆಳೆದ ಕ್ರಿಸ್ತಿಯಾನ್ ಗಾನಿಯಾ 2018ರಲ್ಲಿ ತಂಡ ಸೇರಿದ. ಎಮೆರಿಕ್ ಲಾಪೋರ್ತ್ ಹುಟ್ಟಿದ್ದು ಫ್ರಾನ್ಸಿನ ಆಜಾನ್ ಊರಲ್ಲಿ, ಅದು ಬಾಸ್ಕ್ ನಾಡಿನ ಹೊರಗೆ. ಹುಡುಗನಾಗಿದ್ದಾಗ ಫ್ರಾನ್ಸ್ ಕಡೆಯ ಬಾಸ್ಕ್ ಊರು ಬಯೋನ್ನದ ಕ್ಲಬ್ಬಿನಲ್ಲಿ ಆಡಿ, ಅಲ್ಲಿಂದ ಬಿಲ್ಬಾವೊಗೆ ಬಂದ.

ಆದರೆ ಈ ನಿಯಮ ಮೊದಲಿನಿಂದ ಹೀಗೆ ಇರಲಿಲ್ಲ. ಅದರ ಗೆರೆ ಕಾಲಕಾಲಕ್ಕೆ ಸರಿದಿದೆ. ಮೊದಲು ಬಿಲ್ಬಾವೊ ಇರುವ ಬಿಸ್ಕಾಯಾ ಪ್ರಾಂತ್ಯ ಅಷ್ಟೇ, ನಿಧಾನವಾಗಿ ಉಳಿದ ಪ್ರಾಂತ್ಯಗಳು ಸೇರಿದವು. ಫ್ರಾನ್ಸ್ ಕಡೆಯಿಂದ ಮೊದಲ ಆಟಗಾರ ಬಿಶೆಂತೆ ಲಿಸಾರಾಸು ಬಂದದ್ದು 1996ರಲ್ಲಿ. ಕ್ಲಬ್ಬಿನ ಬೈಲಾದಲ್ಲಿ ಇದನ್ನು ಬರೆದಿಲ್ಲ. ಕ್ಲಬ್ಬಿನವರು ಇದನ್ನು ತಮ್ಮ "ಫಿಲಾಸಫಿ" ಅನ್ನುತ್ತಾರೆ.

ಗೆರೆ ಸರಿಯುವ ಮೊದಲು ಹೊರಗೆ ಉಳಿದವರೂ ಇದ್ದಾರೆ. ಮಿಗೆಲ್ ಜೋನ್ಸ್ ಅನ್ನುವವರ ಹೆಸರು ನೀವು ಕೇಳಿರಲಿಕ್ಕಿಲ್ಲ. ಆಫ್ರಿಕಾದಲ್ಲಿ ಸ್ಪೇನಿನ ವಸಾಹತಾಗಿದ್ದ ಫೆರ್ನಾಂದೊ ಪೊ ದ್ವೀಪದಲ್ಲಿ ಹುಟ್ಟಿದ ಕಪ್ಪು ಹುಡುಗ, ಪುಟ್ಟ ಮಗುವಾಗಿದ್ದಾಗಲೇ ಬಿಲ್ಬಾವೊಗೆ ಬಂದು ಅಲ್ಲೇ ಬೆಳೆದವರು. 1950ರ ದಶಕದಲ್ಲಿ ಅಥ್ಲೆಟಿಕ್ ಅವರನ್ನು ತೆಗೆದುಕೊಳ್ಳಲಿಲ್ಲ. ಬಿಸ್ಕಾಯಾದಲ್ಲಿ ಹುಟ್ಟಿದವನಲ್ಲ ಅನ್ನುವುದು ಕೊಟ್ಟ ಕಾರಣ. ಅವರು ಅತ್ಲೆತಿಕೊ ಮ್ಯಾಡ್ರಿಡ್ ಸೇರಿದರು, 1962ರಲ್ಲಿ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ಫಿಯೊರೆಂತಿನಾ ಮೇಲೆ ಗೋಲು ಹೊಡೆದರು. ಬಣ್ಣವೇ ನಿಜವಾದ ಕಾರಣವೇ ಅನ್ನುವ ಪ್ರಶ್ನೆ ಬಿಲ್ಬಾವೊದಲ್ಲಿ ಇವತ್ತಿಗೂ ಹೋಗಿಲ್ಲ. ಕಪ್ಪು ಬಣ್ಣದ ಮೊದಲ ಆಟಗಾರ ಜೋನಾಸ್ ರಮಾಲ್ಯೊ ಅಥ್ಲೆಟಿಕ್ ಜರ್ಸಿ ತೊಟ್ಟದ್ದು 2011ರಲ್ಲಿ. ನೂರು ವರ್ಷಕ್ಕೂ ಹೆಚ್ಚು ತಗುಲಿತು. ಈ ಕ್ಲಬ್ಬನ್ನು ಪ್ರೀತಿಸುವವರು ಇದನ್ನು ಮುಚ್ಚಿಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಇನ್ಯಾಕಿ ವಿಲಿಯಮ್ಸ್ ಯಾಕೆ ಅಷ್ಟು ಮುಖ್ಯ ಅನ್ನುವುದು ಇದರ ಜೊತೆಗಿಟ್ಟು ನೋಡಿದಾಗ ಅರ್ಥವಾಗುತ್ತದೆ. ಅವನ ಅಪ್ಪ ಅಮ್ಮ ಘಾನಾದಿಂದ ಹೊರಟು ಸಹಾರಾ ಮರುಭೂಮಿ ದಾಟಿದವರು, ಅದರಲ್ಲಿ ಎಷ್ಟೋ ದೂರ ಬರಿಗಾಲಲ್ಲಿ. ಆಫ್ರಿಕಾ ದಡದಲ್ಲಿರುವ ಸ್ಪೇನಿನ ಊರು ಮೆಲಿಯಾದ ಬೇಲಿ ಹಾರಿ ಸಿಕ್ಕಿಬಿದ್ದರು. ಅಲ್ಲೊಬ್ಬ ವಕೀಲರು, ಯುದ್ಧ ನಡೆಯುತ್ತಿರುವ ಲೈಬೀರಿಯಾದವರು ಅಂತ ಹೇಳಿ ಆಶ್ರಯ ಕೇಳಿ ಅಂದರಂತೆ. ಬಿಲ್ಬಾವೊ ತಲುಪಿದಾಗ ಒಬ್ಬ ಪಾದ್ರಿ ನೆರವಿಗೆ ನಿಂತರು. ಅವರ ಹೆಸರು ಇನ್ಯಾಕಿ. 1994ರಲ್ಲಿ ಹುಟ್ಟಿದ ಮಗುವಿಗೆ ಅದೇ ಹೆಸರಿಟ್ಟರು. ಅಲ್ಲಿಂದ ಪಾಂಪ್ಲೋನಾಗೆ ಹೋದರು, ತಮ್ಮ ನಿಕೊ 2002ರಲ್ಲಿ ಹುಟ್ಟಿದ್ದು ಅಲ್ಲಿ. ಇಬ್ಬರೂ ಹುಟ್ಟಿದ್ದು ಬಾಸ್ಕ್ ನಾಡಿನಲ್ಲೇ, ಆಟ ಕಲಿತದ್ದೂ ಅಲ್ಲೇ, ನಿಯಮದ ಪ್ರಕಾರ ಯಾವ ತೊಡಕೂ ಇಲ್ಲ. ಇನ್ಯಾಕಿ 2016ರಿಂದ 2023ರವರೆಗೆ ಲೀಗಿನಲ್ಲಿ ಒಂದೂ ಪಂದ್ಯ ತಪ್ಪಿಸದೆ ಸಾಲಾಗಿ 251 ಆಡಿದ. ಅಣ್ಣ ಘಾನಾಗೆ ಆಡುತ್ತಾನೆ, ತಮ್ಮ ಸ್ಪೇನಿಗೆ. 2024ರ ಯುರೋ ಫೈನಲ್‌ನಲ್ಲಿ ಇಂಗ್ಲೆಂಡ್ ಮೇಲೆ ಮೊದಲ ಗೋಲು ನಿಕೊನದು. ಬಾರ್ಸಿಲೋನಾ ಅವನ ಹಿಂದೆ ಬಿದ್ದಿತ್ತು, ಎಲ್ಲರೂ ಹೋದ ಅಂದುಕೊಂಡಿದ್ದರು. 2025ರ ಜುಲೈನಲ್ಲಿ ಅವನು ಅಥ್ಲೆಟಿಕ್ ಜೊತೆ 2035ರವರೆಗೆ ಒಪ್ಪಂದಕ್ಕೆ ಸಹಿ ಹಾಕಿದ.

ಆದ್ದರಿಂದ ನನ್ನ ಉತ್ತರ: ಇದು ರಕ್ತದ ನಿಯಮ ಅಲ್ಲ. ಆದರೆ "ನಮ್ಮವರು" ಯಾರು ಅನ್ನುವುದನ್ನು ಆಯಾ ಕಾಲದ ಜನ ತೀರ್ಮಾನ ಮಾಡಿದ್ದಾರೆ, ಅದರಲ್ಲಿ ಒಮ್ಮೊಮ್ಮೆ ಅನ್ಯಾಯವೂ ಆಗಿದೆ. ಒಳ್ಳೆಯದೇನೆಂದರೆ ಗೆರೆ ಯಾವಾಗಲೂ ಸರಿದಿರುವುದು ಹೊರಗಡೆಗೆ, ಹೆಚ್ಚು ಜನರನ್ನು ಒಳಗೆ ತರುವ ಕಡೆಗೆ. ಪಕ್ಕದ ರಿಯಲ್ ಸೊಸಿಯೆದಾದ್ ಕೂಡ ಹಿಂದೆ ಇಂಥದೇ ಕಟ್ಟುಪಾಡು ಇಟ್ಟುಕೊಂಡಿತ್ತು. 1989ರಲ್ಲಿ ಲಿವರ್‌ಪೂಲ್‌ನ ಜಾನ್ ಆಲ್ಡ್ರಿಜ್ ಅವರನ್ನು ತಂದು ಅದನ್ನು ಕೈಬಿಟ್ಟಿತು. ಅಥ್ಲೆಟಿಕ್ ಬಿಡಲಿಲ್ಲ.

ಇನ್ನು ಒಮ್ಮೆಯೂ ಕೆಳಗಿಳಿಯದ ಪ್ರಶ್ನೆ. 1929ರಲ್ಲಿ ಲೀಗ್ ಶುರುವಾದಾಗಿನಿಂದ ಎಲ್ಲ ಸೀಸನ್‌ಗಳನ್ನೂ ಮೊದಲ ದರ್ಜೆಯಲ್ಲೇ ಆಡಿದವರು ಮೂರೇ ಮಂದಿ: ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಅಥ್ಲೆಟಿಕ್. ಏಳು ಪ್ರಾಂತ್ಯ ಸೇರಿ ಬಾಸ್ಕ್ ನಾಡಿನ ಜನಸಂಖ್ಯೆ ಸುಮಾರು 30 ಲಕ್ಷ, ಬೆಂಗಳೂರು ನಗರ ಒಂದರಲ್ಲೇ ಅದರ ಹಲವು ಪಟ್ಟು ಜನ ಇದ್ದಾರೆ. ಅಷ್ಟರಲ್ಲೇ ಸೊಸಿಯೆದಾದ್, ಒಸಾಸುನಾ, ಅಲಾವೆಸ್, ಎಯ್ಬಾರ್ ಕೂಡ ಆಟಗಾರರನ್ನು ಹುಡುಕಬೇಕು. ಹಾಗಿದ್ದೂ ಹೇಗೆ?

ದೊಡ್ಡ ಕಾರಣ ಲೆಸಾಮಾ. ಬಿಲ್ಬಾವೊ ಪಕ್ಕದ ಹಳ್ಳಿ, 1971ರಲ್ಲಿ ಅಲ್ಲಿ ಅಕಾಡೆಮಿ ತೆರೆದರು. ಬಿಸ್ಕಾಯಾದ ನೂರಕ್ಕೂ ಹೆಚ್ಚು ಸಣ್ಣ ಕ್ಲಬ್ಬುಗಳ ಜೊತೆ ಅಥ್ಲೆಟಿಕ್ ಒಪ್ಪಂದ ಮಾಡಿಕೊಂಡಿದೆ. ಹತ್ತು ವರ್ಷದ ಹುಡುಗ ಯಾವುದೋ ಊರಿನ ಮೈದಾನದಲ್ಲಿ ಚೆನ್ನಾಗಿ ಆಡಿದರೆ ಸುದ್ದಿ ಲೆಸಾಮಾಗೆ ಮುಟ್ಟುತ್ತದೆ. ಅಲ್ಲಿಂದ ಜೊತೆಗಾರ ಕ್ಲಬ್ ಬಾಸ್ಕೋನಿಯಾ, ಆಮೇಲೆ ಎರಡನೇ ತಂಡ ಬಿಲ್ಬಾವೊ ಅಥ್ಲೆಟಿಕ್, ಆಮೇಲೆ ಸಾನ್ ಮಾಮೆಸ್. ಬೇರೆ ದೊಡ್ಡ ಕ್ಲಬ್ಬುಗಳಲ್ಲಿ ಹತ್ತೊಂಬತ್ತರ ಹುಡುಗ ಮೇಲೆ ಬರುವ ಹೊತ್ತಿಗೆ ಅವನ ಜಾಗಕ್ಕೆ ಬ್ರೆಜಿಲ್‌ನಿಂದ ಯಾರನ್ನೋ ತಂದಿರುತ್ತಾರೆ. ಇಲ್ಲಿ ತರುವ ಹಾಗೇ ಇಲ್ಲ, ಹುಡುಗನಿಗೆ ಅವಕಾಶ ಸಿಕ್ಕೇ ಸಿಗುತ್ತದೆ. ಒಂದೆರಡು ಪಂದ್ಯ ಕೆಟ್ಟದಾಗಿ ಆಡಿದರೂ ಕಾಯುತ್ತಾರೆ. ಈ ಕಾಯುವುದೇ ಅವರ ಬಲ.

ಎರಡನೆಯದು ದುಡ್ಡು. ಸಾಮಾನ್ಯವಾಗಿ ಅಥ್ಲೆಟಿಕ್ ಆಟಗಾರರನ್ನು ಚೌಕಾಸಿ ಮಾಡಿ ಮಾರುವುದಿಲ್ಲ, ಒಪ್ಪಂದದಲ್ಲಿ ಬರೆದ ಬಿಡುಗಡೆ ಮೊತ್ತವನ್ನು ಪೂರ್ತಿ ಇಡು ಅನ್ನುತ್ತದೆ. 2012ರಲ್ಲಿ ಹಾವಿ ಮಾರ್ತಿನೆಸ್‌ಗೆ ಬಾಯರ್ನ್ 4 ಕೋಟಿ ಯೂರೋ ಇಟ್ಟಿತು. 2018ರ ಜನವರಿಯಲ್ಲಿ ಲಾಪೋರ್ತ್‌ಗೆ ಮ್ಯಾಂಚೆಸ್ಟರ್ ಸಿಟಿ 6.5 ಕೋಟಿ, ಅದೇ ವರ್ಷ ಗೋಲ್‌ಕೀಪರ್ ಕೆಪಾಗೆ ಚೆಲ್ಸಿ 8 ಕೋಟಿ. ಅಷ್ಟು ಹಣ ಬಂದರೂ ಖರ್ಚು ಮಾಡಲು ಜಾಗ ಕಡಿಮೆ. ಇದರ ಇನ್ನೊಂದು ಮುಖವೂ ಇದೆ. ಅಥ್ಲೆಟಿಕ್‌ಗೆ ಬೇರೆ ದಾರಿ ಇಲ್ಲ ಅಂತ ಎಲ್ಲರಿಗೂ ಗೊತ್ತು, ಹಾಗಾಗಿ ಬಾಸ್ಕ್ ಆಟಗಾರನ ಬೆಲೆ ಇವರಿಗೆ ಮಾತ್ರ ಜಾಸ್ತಿ. ಲಾಪೋರ್ತ್ ಹೋದ ಬೆನ್ನಲ್ಲೇ ಸೊಸಿಯೆದಾದ್‌ನಿಂದ ಇನ್ಯಿಗೊ ಮಾರ್ತಿನೆಸ್‌ನನ್ನು 3.2 ಕೋಟಿ ಕೊಟ್ಟು ತಂದರು. ನಮ್ಮ ಅಕಾಡೆಮಿಯ ಮಕ್ಕಳನ್ನು ದುಡ್ಡಿನಿಂದ ಎಳೆದುಕೊಳ್ಳುತ್ತಾರೆ ಅನ್ನುವುದು ಅಕ್ಕಪಕ್ಕದ ಕ್ಲಬ್ಬುಗಳ ಹಳೇ ದೂರು. ಆ ದೂರಿನಲ್ಲಿ ಹುರುಳಿದೆ.

ಮೂರನೆಯದು ಮಾಲೀಕತ್ವ. 1990ರ ಕಾನೂನು ಬಂದ ಮೇಲೆ ಸ್ಪೇನಿನ ಹೆಚ್ಚಿನ ಕ್ಲಬ್ಬುಗಳು ಕಂಪನಿಗಳಾದವು. ಹಾಗಾಗದೆ ಸದಸ್ಯರ ಕೈಯಲ್ಲೇ ಉಳಿದವು ನಾಲ್ಕು, ಅದರಲ್ಲಿ ಅಥ್ಲೆಟಿಕ್ ಒಂದು. ಅಧ್ಯಕ್ಷರನ್ನು ಸದಸ್ಯರೇ ಓಟು ಹಾಕಿ ಆರಿಸುತ್ತಾರೆ. ಫಿಲಾಸಫಿ ಬಿಡುತ್ತೇನೆ ಅಂತ ಹೇಳಿ ಅಲ್ಲಿ ಯಾರೂ ಚುನಾವಣೆ ಗೆಲ್ಲುವುದಿಲ್ಲ. 2006-07ರಲ್ಲಿ ಕೊನೆಯ ಪಂದ್ಯದವರೆಗೂ ಕೆಳಗಿಳಿಯುವ ಭಯ ಇತ್ತು, ಲೆವಾಂತೆಯನ್ನು 2-0ಯಿಂದ ಸೋಲಿಸಿ ಹೇಗೋ ಉಳಿದರು. ಆಗಲೂ ಹೊರಗಿನವರನ್ನು ತರಲಿಲ್ಲ.

ಟ್ರೋಫಿಗಳ ಬರ ಇದರ ಬೆಲೆ. ಎಂಟು ಲೀಗ್ ಗೆದ್ದಿದ್ದಾರೆ, ಕೊನೆಯವೆರಡು 1983 ಮತ್ತು 1984ರಲ್ಲಿ, ಹಾವಿಯೆರ್ ಕ್ಲೆಮೆಂತೆ ಕೋಚ್ ಆಗಿದ್ದಾಗ. ಆಗ ತಂಡವನ್ನು ಗಬಾರ್ರಾ ಅನ್ನುವ ಸರಕು ದೋಣಿಯ ಮೇಲೆ ನಿಲ್ಲಿಸಿ ನೆರ್ವಿಯೊನ್ ನದಿಯಲ್ಲಿ ಮೆರವಣಿಗೆ ಮಾಡಿದ್ದರು. ನದಿಯ ಎರಡೂ ದಡದಲ್ಲಿ ಕಾರ್ಖಾನೆ ಕೆಲಸಗಾರರು. ಆಮೇಲೆ ಗಬಾರ್ರಾ ಸುಮ್ಮನೆ ನಿಂತಿತು. ಎರಡು ಸೂಪರ್‌ಕಪ್ ಅನ್ನುವ ಸಣ್ಣ ಟ್ರೋಫಿ ಬಂದವು, ಅದಕ್ಕೆಲ್ಲ ದೋಣಿ ಇಳಿಸಲಿಲ್ಲ. ಕಪ್ ಫೈನಲ್‌ಗಳಲ್ಲಿ ಸೋತರು, 2012ರ ಯುರೋಪಾ ಲೀಗ್ ಫೈನಲ್ ಸೋತರು. 2021ರ ಏಪ್ರಿಲ್‌ನಲ್ಲಿ ಎರಡೇ ವಾರದಲ್ಲಿ ಎರಡು ಕಪ್ ಫೈನಲ್ ಸೋತರು, ಅದರಲ್ಲಿ ಒಂದು ಸೊಸಿಯೆದಾದ್ ಎದುರು. ದೋಣಿಯನ್ನು ಫೋಟೋದಲ್ಲಷ್ಟೇ ನೋಡಿದ ಇಡೀ ತಲೆಮಾರು ಬೆಳೆದು ಮಕ್ಕಳನ್ನೂ ಹೆತ್ತಿತು.

2024ರ ಏಪ್ರಿಲ್ 6, ಸೆವಿಲ್ಯಾ, ಕಪ್ ಫೈನಲ್, ಎದುರಿಗೆ ಮಯೋರ್ಕಾ. 1-1. ಪೆನಾಲ್ಟಿ. ಬೆರೆಂಗೆರ್ ಕೊನೆಯದನ್ನು ಒಳಗೆ ಹೊಡೆದ, 4-2. ದೊಡ್ಡ ಟ್ರೋಫಿ ಬಂದು ನಲವತ್ತು ವರ್ಷ ಆಗಿತ್ತು. 11ನೇ ತಾರೀಖು ಗಬಾರ್ರಾ ಮತ್ತೆ ನೀರಿಗಿಳಿಯಿತು. ಬಿಲ್ಬಾವೊದ ಜನಸಂಖ್ಯೆ ಮೂರೂವರೆ ಲಕ್ಷದ ಆಸುಪಾಸು, ಆ ದಿನ ನದಿಯ ದಡದಲ್ಲಿ ನಿಂತವರು ಹತ್ತು ಲಕ್ಷದಷ್ಟು ಅಂತ ಪತ್ರಿಕೆಗಳು ಬರೆದವು. ಸೇತುವೆಗಳ ಮೇಲೆ, ಬಾಲ್ಕನಿಗಳಲ್ಲಿ, ಹಡಗುಕಟ್ಟೆಯ ಕ್ರೇನ್‌ಗಳ ಕೆಳಗೆ ಕಾಲಿಡಲು ಜಾಗ ಇರಲಿಲ್ಲ. ಆ ವಿಡಿಯೊ ಹುಡುಕಿ ನೋಡಿ. ಆಟಗಾರರಲ್ಲಿ ಯಾರು ಜಾಸ್ತಿ ಅಳುತ್ತಿದ್ದಾರೆ, ದಡದಲ್ಲಿ ಯಾರು ಅಂತ ಹೇಳುವುದು ಕಷ್ಟ. ಅಲ್ಲಿ ನಿಂತಿದ್ದ ಆಟಗಾರರು ಚಿಕ್ಕಂದಿನಲ್ಲಿ ಅದೇ ದೋಣಿಯ ಕಥೆ ಮನೆಯಲ್ಲಿ ಕೇಳಿ ಬೆಳೆದವರು, ಅದಕ್ಕೇ ಹಾಗೆ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಹಳೆಯದರಲ್ಲಿ ಮೂರು ನೋಡಿ. 2012ರ ಮಾರ್ಚ್‌ನಲ್ಲಿ ಕೋಚ್ ಬಿಯೆಲ್ಸಾ ಅವರ ತಂಡ ಓಲ್ಡ್ ಟ್ರಾಫರ್ಡ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ್ನು 3-2ರಿಂದ ಸೋಲಿಸಿದ್ದು, ಫರ್ಗುಸನ್ ಕಾಲದ ಯುನೈಟೆಡ್‌ನ್ನು ಅದರ ಮನೆಯಲ್ಲೇ ಅಷ್ಟು ಓಡಾಡಿಸಿದವರು ಕಡಿಮೆ. 2015ರ ಸೂಪರ್‌ಕಪ್‌ನಲ್ಲಿ ಬಾರ್ಸಿಲೋನಾಗೆ 4-0, ಆದುರಿಸ್ ಹ್ಯಾಟ್ರಿಕ್. ಮತ್ತೆ 2019ರ ಆಗಸ್ಟ್‌ನಲ್ಲಿ ಅದೇ ಆದುರಿಸ್, 38ರ ವಯಸ್ಸಿನಲ್ಲಿ, ಆಗಷ್ಟೇ ಮೈದಾನಕ್ಕಿಳಿದು 89ನೇ ನಿಮಿಷದಲ್ಲಿ ಬಾರ್ಸಿಲೋನಾ ಮೇಲೆ ಹೊಡೆದ ಬೈಸಿಕಲ್ ಕಿಕ್. ಮಹಿಳೆಯರ ತಂಡವನ್ನೂ ಬಿಡಬೇಡಿ, ಐದು ಲೀಗ್ ಗೆದ್ದಿದ್ದಾರೆ. 2019ರ ಜನವರಿಯಲ್ಲಿ ಅವರ ಕಪ್ ಪಂದ್ಯಕ್ಕೆ ಸಾನ್ ಮಾಮೆಸ್‌ಗೆ ಬಂದವರು 48,121, ಸ್ಪೇನಿನಲ್ಲಿ ಮಹಿಳಾ ಪಂದ್ಯಕ್ಕೆ ಅಲ್ಲಿವರೆಗೆ ಅಷ್ಟು ಜನ ಸೇರಿರಲಿಲ್ಲ.

ಲೈವ್ ನೋಡುವುದಾದರೆ ಸೊಸಿಯೆದಾದ್ ಜೊತೆಗಿನ ಡರ್ಬಿಯಿಂದಲೇ ಶುರು ಮಾಡಿ, ಅದು ಸಾನ್ ಮಾಮೆಸ್‌ನಲ್ಲಿ ನಡೆಯುವಾಗ. ಬೇರೆ ಕಡೆ ಡರ್ಬಿ ಅಂದರೆ ಎರಡು ಬಣಗಳ ನಡುವೆ ಪೊಲೀಸ್ ಸಾಲು ಇರುತ್ತದೆ. ಇಲ್ಲಿ ಕೆಂಪು-ಬಿಳಿ ಮತ್ತು ನೀಲಿ-ಬಿಳಿ ಜರ್ಸಿ ತೊಟ್ಟ ಗೆಳೆಯರು ಪೋಸಾಸ್ ಬೀದಿಯ ಬಾರ್‌ಗಳಲ್ಲಿ ಒಟ್ಟಿಗೆ ಕುಡಿದು, ಒಟ್ಟಿಗೆ ನಡೆದು ಬಂದು, ಅಕ್ಕಪಕ್ಕದ ಸೀಟಿನಲ್ಲಿ ಕುಳಿತು ಒಬ್ಬರ ವಿರುದ್ಧ ಒಬ್ಬರು ಕೂಗುತ್ತಾರೆ. ಗಂಡ ಒಂದು ತಂಡ, ಹೆಂಡತಿ ಇನ್ನೊಂದು ತಂಡ ಇರುವ ಮನೆಗಳೂ ಇವೆ. ಆಟ ಮಾತ್ರ ತುಂಬಾ ಒರಟಾಗಿರುತ್ತದೆ, ಯಾರೂ ಕಾಲು ಹಿಂದೆ ತೆಗೆಯುವುದಿಲ್ಲ. ಟಿವಿಯನ್ನು ಅರ್ಧ ಗಂಟೆ ಮೊದಲೇ ಹಾಕಿ, ಕ್ಲಬ್ಬಿನ ಹಾಡು ಶುರುವಾಗುವ ಹೊತ್ತಿಗೆ ಸೌಂಡ್ ಜಾಸ್ತಿ ಇಟ್ಟುಕೊಳ್ಳಿ.